20 ಕಿಲೋ ಸಮ 20 ಗ್ರಾಂ

ಆಷಾಢದ ಮಳೆ ಒಂದು ಗಳಿಗೆ ಬಿಟ್ಟರೆ ಸಾಕು, ಶಿಕಾರಿಪುರ, ಸೊರಬದ ಕಡೆ ಗೊಬ್ಬರದ ಅಂಗಡಿಗಳ ಮುಂದೆ ಸಾಲು ಹುಟ್ಟುತ್ತದೆ. ಮೆಕ್ಕೆಜೋಳ ಮಂಡಿಯುದ್ದ ಬಂದಿದೆ, ಮೇಲುಗೊಬ್ಬರವಾಗಿ ಯೂರಿಯಾ ಕೊಡಬೇಕು. ಸಾಲಿನಲ್ಲಿ ಮನುಷ್ಯರಿಗಿಂತ ಚಪ್ಪಲಿ, ಕೊಡೆಗಳೇ ಜಾಸ್ತಿ. ಒಳಗೆ ಹೆಬ್ಬೆಟ್ಟು ಒತ್ತುವ ಯಂತ್ರ. ಕುಂಟೆ ಹಿಡಿದು ಸವೆದ ಬೆರಳನ್ನು ಅದು ಒಪ್ಪುವುದಿಲ್ಲ. "ಗೌಡ್ರೇ, ಒರೆಸ್ಕೊಂಡು ಬನ್ನಿ." ಉಳುಮೆ ಮಾಡದವನ ಬೆರಳಾದರೆ ಒಂದೇ ಸಲಕ್ಕೆ ಪಾಸು!

ಬೆರಳು ಪಾಸಾಯಿತು ಅನ್ನಿ. ಕೆಲವು ಕಡೆ ಯೂರಿಯಾ ಒಂಟಿಯಾಗಿ ಮನೆಗೆ ಬರಲ್ಲ. ಜೊತೆಗೆ ಸತುವಿನ ಪೊಟ್ಟಣ, ಎಲೆಗೆ ಸಿಂಪಡಿಸುವ ನ್ಯಾನೋ ಯೂರಿಯಾ ದ್ರವದ ಬಾಟಲಿ. ಬೇಡ ಅಂದರೆ ಚೀಲವೂ ಇಲ್ಲ.

ಈ ಬಾಟಲಿ ಬಗ್ಗೆ ಸ್ವಲ್ಪ ಹೇಳಲೇಬೇಕು. 45 ಕೆಜಿ ಯೂರಿಯಾ ಚೀಲದಲ್ಲಿ ಸಾರಜನಕ 46%, ಅಂದರೆ 20 ಕಿಲೋ ಚಿಲ್ಲರೆ. 2021ರಲ್ಲಿ ಬಂದ ಅರ್ಧ ಲೀಟರ್ ಬಾಟಲಿಯಲ್ಲಿ 4%. ಅಂದರೆ 20 ಗ್ರಾಂ. ಎರಡೂ ಸಮ ಅಂತ ಪ್ರಚಾರ. ಎಲೆ ನೇರವಾಗಿ ಹೀರುತ್ತದಂತೆ, ಪೋಲಾಗುವುದಿಲ್ಲವಂತೆ. ಆಗಲಿ ಮಾರಾಯ್ರೇ, ಚೀಲದ್ದು ಮುಕ್ಕಾಲು ಪಾಲು ಮಳೆಗೆ ಕೊಚ್ಚಿ ಹೋದರೂ 5 ಕಿಲೋ ಉಳಿಯುತ್ತಲ್ವಾ? ಇದೇ ಲೆಕ್ಕದಲ್ಲಿ ಮದುವೆ ಮನೆಗೆ ಕ್ವಿಂಟಾಲ್ ಅಕ್ಕಿ ಬದಲು 100 ಗ್ರಾಂ ಕೊಟ್ಟು "ನ್ಯಾನೋ ಅಕ್ಕಿ, ಊಟ ಶುರು ಮಾಡಿ" ಅನ್ನಬಹುದು. ಆಮೇಲೆ 20%ನ ಬಾಟಲಿಯೂ ಬಂತು. ಆಗಲೂ ಲೆಕ್ಕ ಕಿಲೋ ಮುಟ್ಟಲಿಲ್ಲ.

ಇಷ್ಟಕ್ಕೂ ಎಲ್ಲರೂ ಯೂರಿಯಾಕ್ಕೇ ಯಾಕೆ ಮುಗಿಬೀಳುತ್ತಾರೆ? ಚೀಲಕ್ಕೆ 266 ರೂಪಾಯಿ 50 ಪೈಸೆ. ರಂಜಕ ಇರುವ ಡಿಎಪಿ 1350. 2010ರಲ್ಲಿ ಪೋಷಕಾಂಶ ನೋಡಿ ಸಬ್ಸಿಡಿ ಕೊಡುವ ಪದ್ಧತಿ ತಂದವರು ಯೂರಿಯಾವನ್ನು ಮಾತ್ರ ಹೊರಗಿಟ್ಟರು, ಅದು ಅಗ್ಗವಾಗಿಯೇ ಉಳಿಯಿತು. ಹಾಗಾಗಿ ಜೋಳ ಏನು ತಿನ್ನಬೇಕು ಅಂತ ದೆಹಲಿಯ ದರಪಟ್ಟಿ ಹೇಳುತ್ತದೆ, ಹೊಲ ಅಲ್ಲ. ಯೂರಿಯಾ ಬಿದ್ದ ವಾರಕ್ಕೇ ಪೈರು ಕಡು ಹಸಿರು. ಪಕ್ಕದ ಹೊಲದವರಿಗೆ ಹೊಟ್ಟೆಕಿಚ್ಚು. ಇನ್ನೇನು ಬೇಕು? ರಂಜಕಕ್ಕೆ ಇಂಥ ಆಡಂಬರ ಗೊತ್ತಿಲ್ಲ. ಬಿತ್ತುವಾಗಲೇ ಬೀಜದ ಪಕ್ಕ ಬೀಳಬೇಕು, ಬೇರಿನ ಕೆಲಸ ಮಾಡುತ್ತದೆ. ಸಾಲದೆ ಹೋದರೆ ಎಳೆ ಪೈರಿನ ಎಲೆ ನೇರಳೆಗೆ ತಿರುಗುತ್ತದೆ. ನಮ್ಮ ಹುಳಿ ಕೆಂಪು ಮಣ್ಣಿನಲ್ಲಂತೂ ಹಾಕಿದ ರಂಜಕವನ್ನೂ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ.

ಪಶ್ಚಿಮ ಆಫ್ರಿಕಾದ ಸವನ್ನಾ ಹುಲ್ಲುಬಯಲಲ್ಲೂ ಮೆಕ್ಕೆಜೋಳಕ್ಕೆ ಸಾರಜನಕ, ರಂಜಕ ಈ ಎರಡರದ್ದೇ ಕೊರತೆ. ಅಲ್ಲಿ ಗೊಬ್ಬರ ಹಾಕುವುದೇ ಕಡಿಮೆ. 2006ರಲ್ಲಿ ಆಫ್ರಿಕಾದ ನಾಯಕರು ನೈಜೀರಿಯಾದ ಅಬುಜಾದಲ್ಲಿ ಸೇರಿ, ಹೆಕ್ಟೇರಿಗೆ 50 ಕೆಜಿ ಪೋಷಕಾಂಶದ ಗುರಿ ಇಟ್ಟುಕೊಂಡರು. ಪಾಪ, ಅವರಿಗೆ ಗೊಬ್ಬರ ಇಲ್ಲ ಅಂತ ಚಿಂತೆ. ನಮ್ಮಲ್ಲಿ ಒಂದೇ ಗೊಬ್ಬರ ಸುರಿದು, ಅದೂ ಸಾಲಲ್ಲ ಅಂತ ಚಿಂತೆ.

ಹೊಲದ ಮಣ್ಣು ಪರೀಕ್ಷಿಸಿ ಏನು ಹಾಕಬೇಕೆಂದು ಬರೆದು ಕೊಡುವ ಮಣ್ಣು ಆರೋಗ್ಯ ಚೀಟಿ 2015ರಿಂದ ಇದೆ. ಕೆಲವರ ಮನೆಯಲ್ಲಿ ಕ್ಯಾಲೆಂಡರ್ ಹಿಂದೆ ಭದ್ರವಾಗಿದೆ. ಅಪ್ಪಿತಪ್ಪಿ ಒಬ್ಬರು ಅದನ್ನು ಓದಿಕೊಂಡು, "ಮಣ್ಣಿಗೆ ಹುಳಿ ಜಾಸ್ತಿ, ಸುಣ್ಣ ಹಾಕಿ ಅಂತ ಬರ್ದಿದಾರೆ. ಇದ್ಯಾ?" ಅಂತ ಅಂಗಡಿಯಲ್ಲಿ ಕೇಳಿದರು ಅನ್ನಿ.

"ಸುಣ್ಣ ಇಲ್ಲ ಗೌಡ್ರೇ, ಎಲೆ ಅಡಿಕೆ ಅಂಗಡಿ ಆಚೆ ಬದಿಗೆ. ಬಾಟಲಿ ಎಷ್ಟು ಕೊಡ್ಲಿ?"