ಸತ್ಯಾಂಶ: ಸಿಗ್ನಲ್ ಇಲ್ಲದ ಬೆಟ್ಟದಲ್ಲಿ 112ಕ್ಕೆ ಕರೆ ಹೋಗುತ್ತದೆಯೇ?

ಬೆಟ್ಟದಲ್ಲಿ ದಾರಿ ತಪ್ಪಿದಾಗ ಎಲ್ಲಿಯೂ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಕರೆ ಹೋಗಿಯೇ ಹೋಗುತ್ತದೆ ಎಂಬ ಸಂದೇಶ ಚಾರಣದ ದಿನಗಳಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಕಾಳಜಿಯಿಂದಲೇ ಕಳುಹಿಸುವ ಈ ಮಾತು ಅರ್ಧ ಮಾತ್ರ ನಿಜ. ನಿಮ್ಮ ಸಿಮ್ ಕಂಪನಿಯ ಟವರ್ ಸಿಗದಿದ್ದಾಗ ಫೋನು ತುರ್ತು ಕರೆಯನ್ನು ಬೇರೆ ಕಂಪನಿಯ ಟವರ್ ಮೂಲಕ ಕಳುಹಿಸಬಲ್ಲದು. ಆದರೆ ಯಾವ ಕಂಪನಿಯ ಟವರೂ ನಿಲುಕದ ಕಡೆ, ಪಶ್ಚಿಮ ಘಟ್ಟದ ಅನೇಕ ಕಣಿವೆಗಳು ಹಾಗಿವೆ, ಸಾಮಾನ್ಯ ಫೋನಿನಿಂದ ಆ ಕರೆ ಹೊರಡುವುದೇ ಇಲ್ಲ.

ಇದನ್ನು ಪರೀಕ್ಷಿಸಲು 112 ಒತ್ತಿ ನೋಡಬೇಡಿ, ಅದು ನಿಜವಾಗಿ ಆಪತ್ತಿನಲ್ಲಿರುವವರ ಸಹಾಯವಾಣಿ. ಪರದೆಯ ಮೇಲೆ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಎಂದಿದ್ದರೆ ಸಾಮಾನ್ಯವಾಗಿ ಯಾವುದೋ ಟವರ್ ಸಿಗುತ್ತಿದೆ, ‘ನೋ ಸರ್ವಿಸ್’ ಎಂದಿದ್ದರೆ ಇಲ್ಲ ಎಂದರ್ಥ. ಇಂಥ ಸಂದೇಶ ಬಂದಾಗ ಅದರಲ್ಲಿ ದಿನಾಂಕ, ಮೂಲ ಇವೆಯೇ ಎಂದು ಗಮನಿಸಿ, 112 ಸೇವೆಯ ಅಧಿಕೃತ ಜಾಲತಾಣದಲ್ಲಿ ಅದೇ ಮಾತು ಇದೆಯೇ ಎಂದು ನೋಡಬಹುದು.

ಹೊರಡುವ ಮುನ್ನ ದಾರಿಯನ್ನೂ ಮರಳುವ ಹೊತ್ತನ್ನೂ ಮನೆಯವರಿಗೆ ತಿಳಿಸಿ, ಜೊತೆಗೊಂದು ಸೀಟಿ ಇಟ್ಟುಕೊಳ್ಳಿ: ನಿಮಿಷಕ್ಕೆ 6 ಸಲ ಊದಿ, 1 ನಿಮಿಷ ಬಿಟ್ಟು ಮತ್ತೆ ಊದುವುದು ಪರ್ವತಗಳಲ್ಲಿ ನೆರವು ಕೋರುವ ಅಂತರರಾಷ್ಟ್ರೀಯ ಸಂಕೇತ.