ಸತ್ಯಾಂಶ: ಜೂಲು ಉದುರುವುದಕ್ಕೆ ಸೆಲೆನಿಯಂ ಪುಡಿ ಮದ್ದಲ್ಲ

ಕುದುರೆಯ ಜೂಲು, ಬಾಲದ ಕೂದಲು ಉದುರಿದರೆ ಸೆಲೆನಿಯಂ ಇರುವ ಖನಿಜದ ಪುಡಿಯನ್ನು ದುಪ್ಪಟ್ಟು ಕೊಡಬೇಕೆಂಬ ಸಂದೇಶವೊಂದು ಚಳ್ಳಕೆರೆ, ಜಗಳೂರು ಕಡೆಯ ಕುರಿಗಾಹಿಗಳ ವಾಟ್ಸ್ಆ್ಯಪ್‌ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿಯೂ ಹೌದು.

ಕುದುರೆಗೆ ಬೇಕಾದ ಸೆಲೆನಿಯಂ ಒಂದು ಕಿಲೋ ಒಣಮೇವಿಗೆ ಸುಮಾರು 0.1 ಮಿಲಿಗ್ರಾಂ ಮಾತ್ರ. ಅದು ಬಹುಕಾಲ ಅತಿಯಾದರೆ ಕೂದಲು ಮತ್ತು ಗೊರಸನ್ನು ರೂಪಿಸುವ ಕೆರಾಟಿನ್ ಎಂಬ ಪ್ರೋಟೀನ್‌ನಲ್ಲಿ ಗಂಧಕದ ಜಾಗವನ್ನು ಸೆಲೆನಿಯಂ ಹಿಡಿಯುವುದರಿಂದ ಜೂಲು ಉದುರಿ, ಗೊರಸು ಚರ್ಮಕ್ಕೆ ಕೂಡುವಲ್ಲಿ ಅಡ್ಡಬಿರುಕು ಮೂಡಿ, ಕುದುರೆ ಕುಂಟತೊಡಗುತ್ತದೆ. ಅಂದರೆ, ಸಂದೇಶವು ಕೊರತೆಯೆಂದು ಹೇಳುವ ಲಕ್ಷಣವೇ ವಿಷದ ಲಕ್ಷಣವೂ ಆಗಿರಬಹುದು!

ನಮ್ಮ ದೇಶದಲ್ಲಿ ಸೆಲೆನಿಯಂ ಹೆಚ್ಚಿರುವ ಮಣ್ಣಿಗೆ ಹೆಸರಾದದ್ದು ಪಂಜಾಬಿನ ಹೋಶಿಯಾರ್‌ಪುರ ಭಾಗ. ಸೆಲೆನಿಯಂ ವಿಷಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಪುಡಿಯನ್ನು ನಿಲ್ಲಿಸಿ, ಮೇವು ಬದಲಿಸಿ, ಪಶುವೈದ್ಯರಿಂದ ರಕ್ತಪರೀಕ್ಷೆ ಮಾಡಿಸಬೇಕು. ಹೊಸ ಗೊರಸು ಪೂರ್ತಿ ಬೆಳೆಯಲು 9ರಿಂದ 12 ತಿಂಗಳು ಬೇಕಾಗುವುದರಿಂದ, ಅಲ್ಲಿಯವರೆಗೆ ಆ ಕುದುರೆಯ ಮೇಲೆ ಹೇರು ಹಾಕದಿರುವುದು ಒಳ್ಳೆಯದು.