ಸತ್ಯಾಂಶ: ಗೋಡೆ ಹತ್ತಿದವರಿಗೆ ಆನೆಗೊಂದಿ ಬಂಡೆ ಸುಲಭವೇ?

'15 ಮೀಟರ್ ಕೃತಕ ಗೋಡೆ ಹತ್ತಿದವರು ಆನೆಗೊಂದಿಯ ಯಾವ ಬಂಡೆಯನ್ನಾದರೂ ಹಗ್ಗ ಇಲ್ಲದೆ ಹತ್ತಬಹುದು.' ಕೊಪ್ಪಳ, ಗಂಗಾವತಿ ಕಡೆಯ ಗ್ರೂಪುಗಳಲ್ಲಿ ಓಡಾಡುತ್ತಿರುವ ಈ ಮೆಸೇಜು ತಪ್ಪು.

ಒಲಿಂಪಿಕ್ಸ್‌ನ ಸ್ಪೀಡ್ ಗೋಡೆ (ಯಾರು ಬೇಗ ಹತ್ತುತ್ತಾರೆ ಎಂಬ ಸ್ಪರ್ಧೆಯ ಗೋಡೆ) 15 ಮೀಟರ್ ಇರುವುದು ನಿಜ. 2024ರ ಪ್ಯಾರಿಸ್‌ನಲ್ಲಿ ಅಮೆರಿಕದ ಸ್ಯಾಮ್ ವಾಟ್ಸನ್ ಅದನ್ನು 4.74 ಸೆಕೆಂಡಿನಲ್ಲಿ ಹತ್ತಿದರು. ಆದರೆ ಆ ಗೋಡೆಯ ಹಿಡಿಕೆಗಳು ಎಲ್ಲ ಕಡೆ ಒಂದೇ ಜಾಗದಲ್ಲಿರುತ್ತವೆ. ಅದೇ ದಾರಿಯನ್ನು ಸಾವಿರ ಸಲ ಅಭ್ಯಾಸ ಮಾಡಬಹುದು. ಸೊಂಟಕ್ಕೆ ಹಗ್ಗವೂ ಇರುತ್ತದೆ.

ಈಗ ಆನೆಗೊಂದಿ ಹತ್ತಿರದ ಸಾಣಾಪುರದ ಗ್ರಾನೈಟ್ ಬಂಡೆ ಬಳಿ ಬನ್ನಿ. ಬಣ್ಣದ ಹಿಡಿಕೆ ಎಲ್ಲಿದೆ? ಕಾಣುವುದು ಅಕ್ಕಿ ಕಾಳಿನಷ್ಟು ಹರಳುಗಳು. ಕೆಲವು ಕಡೆ ಕಾಲಿಡಲು ಅಂಚೇ ಇಲ್ಲ, ಶೂ ತಳವನ್ನು ಇಳಿಜಾರಿಗೆ ಒತ್ತಿ ನಂಬಬೇಕು. ಬಿಸಿಲು ಮಳೆಗೆ ಮೇಲ್ಪದರ ಹಪ್ಪಳದ ಹಾಗೆ ಎದ್ದಿರುತ್ತದೆ. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ: ಟೊಳ್ಳು ಸದ್ದು ಬಂದರೆ ಅದನ್ನು ಹಿಡಿಯಲೇಬೇಡಿ. ಮಧ್ಯಾಹ್ನ ಬಂಡೆ ಕಾದರೆ ಬೆರಳು ಬೆವರಿ ಜಾರುತ್ತವೆ. ಅದಕ್ಕೇ ಅನುಭವಸ್ಥರು ಬೆಳಿಗ್ಗೆ ಬೇಗ ಬರುತ್ತಾರೆ, ಚಳಿಗಾಲವನ್ನೇ ಆರಿಸಿಕೊಳ್ಳುತ್ತಾರೆ.

ಇಳಿಯುವುದನ್ನು ಮೆಸೇಜು ಹೇಳುವುದೇ ಇಲ್ಲ. ಗೋಡೆಯಲ್ಲಿ ಹಗ್ಗ ನಿಮ್ಮನ್ನು ಇಳಿಸುತ್ತದೆ. ಇಲ್ಲಿ ಇಳಿಯುವ ದಾರಿ ಮೊದಲೇ ನೋಡಿಟ್ಟುಕೊಳ್ಳಬೇಕು, ಅಲ್ವಾ?

ಹಾಗಂತ ಗೋಡೆ ಅಭ್ಯಾಸ ವ್ಯರ್ಥವಲ್ಲ. ಬೆರಳಿಗೆ ಬಲ ಬರುತ್ತದೆ, ಬೀಳುವ ರೀತಿ ಕಲಿಯಬಹುದು. ಬಂಡೆಗೆ ಬರುವಾಗ ಕೆಳಗೆ ಹಾಸಲು ಕ್ರ್ಯಾಶ್ ಪ್ಯಾಡ್ (ಬಿದ್ದರೆ ಪೆಟ್ಟು ತಗ್ಗಿಸುವ ದಪ್ಪ ಮೆತ್ತೆ) ತನ್ನಿ, ಬಂಡೆ ಗೊತ್ತಿರುವವರ ಜೊತೆ ಗಿಡ್ಡ ಬಂಡೆಯಿಂದ ಶುರು ಮಾಡಿ. ಆ ಮೆಸೇಜು ಕಳಿಸಿದವರಿಗೂ ಇದನ್ನು ಕಳಿಸಿ.